ಒಣಗುವವರೆಗೆ ಬಾಗಿಲು ತೆಗೆಯಬಾರದು

ಬೆಳಕು ಹರಿಯುವ ಮುಂಚೆ ಅವಳು ನೀರು ಹಿಡಿದಿಡಬೇಕು. ಬಣ್ಣ ಒಣಗುವವರೆಗೆ ಒಲೆ ಹಚ್ಚುವಂತಿಲ್ಲವಾದ್ದರಿಂದ ಇಡೀ ಹಗಲಿನ ಅಡುಗೆ ಮುಗಿಸಬೇಕು. ಅತ್ತೆಯನ್ನು ಹೊರಗಿನ ಬಚ್ಚಲಿಗೆ ನಡೆಸಿಕೊಂಡು ಹೋಗಿ, ಮೈ ಒರೆಸಿ, ಒಳಕೋಣೆಯ ಮಂಚಕ್ಕೆ ಮರಳಿಸಬೇಕು. ಮುಂದಿನ ಕೋಣೆಯ ಕುರ್ಚಿ, ಹಾಸಿಗೆ, ಚಪ್ಪಲಿಯವರೆಗೂ ಎಲ್ಲವನ್ನೂ ಹೊರಗೆ ಸಾಗಿಸಿ, ಧೂಳೇಳದಂತೆ ನೆಲಕ್ಕೆ ನೀರು ಚಿಮುಕಿಸಬೇಕು. ಮನೆಗಿರುವ ಒಂದೇ ಕಿಟಕಿಗೆ ಹಸಿ ಹೊದಿಕೆ ಬಿಗಿಯಬೇಕು. ಬಣ್ಣವನ್ನು ಹಳೆಯ ನೈಲಾನ್ ಬಟ್ಟೆಯಲ್ಲಿ ಸೋಸಿಡಬೇಕು. ಇಷ್ಟೆಲ್ಲ ಆದ ಮೇಲೆ, ಸದ್ದು ಮಾಡದೆ, ಗಂಡನನ್ನು ಎಬ್ಬಿಸಬೇಕು. ಬೀದಿ ಏಳುವ ಮೊದಲು ಗಾಳಿಯಲ್ಲಿ ಧೂಳು ಕಡಿಮೆ. ಬಣ್ಣ ಹೊಡೆಯಲು ಅದೇ ಹೊತ್ತು.

ಬೀದಿಯವರು ಅವನನ್ನು ಪೇಂಟರ್ ಅನ್ನುತ್ತಾರೆ, ಅವಳನ್ನು ಪೇಂಟರ್ ಹೆಂಡತಿ. ಕಾರಿನ ತಗಡಿನ ಮಾಸಿದ ಬಣ್ಣ ಕೆರೆಯುವುದು, ತಗ್ಗಿಗೆ ಪುಟ್ಟಿ ಮೆತ್ತುವುದು, ಮರಳು ಕಾಗದವನ್ನು ನೀರಲ್ಲಿ ನೆನೆಸಿ ಉಜ್ಜುವುದು, ಪ್ರೈಮರ್ ಬಿದ್ದ ಮೇಲೆ ಮತ್ತೆ ಉಜ್ಜುವುದು, ದಿನಗಟ್ಟಲೆ ನಡೆಯುವ ಇದೆಲ್ಲಕ್ಕೆ ಆ ಮನೆಯಲ್ಲಿ ‘ಸ್ವಲ್ಪ ಕೈ ಜೋಡಿಸೋದು’ ಎಂದು ಹೆಸರು. ಕೊನೆಯಲ್ಲಿ ಅವನು ಸ್ಪ್ರೇ ಗನ್ ಹಿಡಿದು ಬಣ್ಣ ಚಿಮ್ಮಿಸುವುದಕ್ಕೆ ಮಾತ್ರ ‘ಕೆಲಸ’ ಎಂದು ಹೆಸರು. ಉಜ್ಜಿ ಉಜ್ಜಿ ಅವಳ ಬೆರಳ ತುದಿಗಳು ಬೋಳಾಗಿವೆ. ನುಣುಪು ಪರೀಕ್ಷಿಸಲು ಅಂಗೈ ಕೆಳಗೆ ತೆಳು ಬಟ್ಟೆಯಿಟ್ಟು, ಕಣ್ಣು ಮುಚ್ಚಿ ಸವರುತ್ತಾಳೆ. ಕಣ್ಣಿಗೆ ಕಾಣದ ಉಬ್ಬು ಆಗ ಅಂಗೈಗೆ ಸಿಗುತ್ತದೆ.

ಈ ಸಲದ್ದು ಗ್ಯಾರೇಜಿನ ಯಜಮಾನನ ಸ್ವಂತ ಕಾರಿನ ಬಾನೆಟ್. ಬಿಸಿಲಿಗೆ ಬೂದಿ ಬಳಿದಂತಾಗಿತ್ತು. ಬಾಯಿ ಜೋರು ಮಾಡಿದ ಪೇಂಟರನನ್ನು ಕೆಲಸದಿಂದ ಓಡಿಸಿದ್ದವನೂ ಅವನೇ. ಈಗ ಬಾನೆಟ್ ತಂದಿಳಿಸಿ ಹೇಳಿದ್ದ: “ಕೈ ಇನ್ನೂ ನೆಟ್ಟಗಿದ್ರೆ ಮತ್ತೆ ಕೆಲಸಕ್ಕೆ ಬಾ. ಒಂದು ಧೂಳಿನ ಕಣ ಕಂಡ್ರೂ ಗ್ಯಾರೇಜಿನ ಕಡೆ ತಲೆ ಹಾಕಿಯೂ ಮಲಗಬೇಡ.”

ಹಿಂದಿನ ದಿನ ಅವಳು ಗಂಡನಿಗೆ ಹೇಳಿ ನೋಡಿದ್ದಳು.

“ನಾಳೆ ಅತ್ತೇನ ಎದುರು ಮನೇಲಿ ಕೂರಿಸಿ ಬರ್ತೀನಿ. ಪ್ರೈಮರ್ ಹೊಡೆದ ದಿನಾನೇ ಅವರಿಗೆ ಉಸಿರು ಸಿಕ್ಕಿಹಾಕ್ಕೊಂಡಿತ್ತು.”

“ಹೂಂ, ಬೀದಿ ತುಂಬ ಮೆರವಣಿಗೆ ಮಾಡು. ಹೆತ್ತಮ್ಮನ್ನ ನೋಡ್ಕೊಳ್ಳೋಕಾಗಲ್ಲ ನನಗೆ ಅಂತ ಜನ ಆಡ್ಕೊಳ್ಳಲಿ.”

“ನೋಡ್ಕೊಳ್ಳೋದು ನೀವಾ?”

ಒಳಕೋಣೆಯಿಂದ ಅತ್ತೆ ಬಾಯಿ ಹಾಕಿದ್ದಳು. “ಸುಮ್ನಿರೇ. ಇವನಪ್ಪನ ಕಾಲಕ್ಕೆ ನಾನೂ ಉಜ್ಜಿದವಳೇ. ಇವನು ಹೊಟ್ಟೇಲಿದ್ದಾಗ ಇದೇ ವಾಸನೆ ಕುಡಿದಿದ್ದೀನಿ. ಅದಕ್ಕೇ ಇವನ ತಲೆ ಹಿಂಗಾಗಿದ್ದು.”

ಸೊಸೆ ನಕ್ಕಳು. ಅತ್ತೆಯೂ ನಗಲು ಹೋದಳು. ನಗು ಕೆಮ್ಮಾಗಿ, ಕೆಮ್ಮು ಸಿಳ್ಳೆಯಾಗಿ, ಸೊಸೆ ಬೆನ್ನು ನೀವುತ್ತ ಕೂರಬೇಕಾಯಿತು. ಗಂಡ ಟಿವಿಯ ಸದ್ದು ಹೆಚ್ಚಿಸಿದ.

ಬೆಳಿಗ್ಗೆ ಅವನು ಗೋಡೆಯ ಮೊಳೆಯಲ್ಲಿದ್ದ ಮಾಸ್ಕ್ ಹಾಕಿಕೊಂಡ. ಮನೆಗೆ ಇರುವುದು ಅದೊಂದೇ. ಅವಳು ಮೂಗಿಗೆ ಒದ್ದೆ ಟವೆಲ್ ಕಟ್ಟಿ ದೀಪ ಹಿಡಿದಳು. ಕಂಪ್ರೆಸರ್ ಗುಡುಗಿತು. ಕಪ್ಪು ಬಣ್ಣ, ಅದರ ಮೇಲೆ ಹೊಳಪಿನ ಕ್ಲಿಯರ್ ಲೇಪ. ಬಾನೆಟ್ ಕೊಳದ ನೀರಿನ ಹಾಗೆ ನಿಂತಿತು. ಅವನು ನಿಜಕ್ಕೂ ಚೆನ್ನಾಗಿ ಹೊಡೆಯುತ್ತಾನೆ. ಅದನ್ನು ಅವಳು ಎಂದೂ ಅಲ್ಲಗಳೆದವಳಲ್ಲ.

“ಯಜಮಾನನ್ನ ಕರ್ಕೊಂಡೇ ಬರ್ತೀನಿ,” ಎಂದು ಅವನು ಮಾಸ್ಕ್ ತೆಗೆದು ಮೊಳೆಗೆ ಹಾಕಿದ. “ನಾನು ಬರೋವರೆಗೂ ಬಾಗಿಲು ತೆಗೀಬೇಡ.”

“ಅತ್ತೆ?”

“ಅಮ್ಮನಿಗೆ ಇದೆಲ್ಲ ಅಭ್ಯಾಸ.”

ಬೆಕ್ಕು ನುಸುಳುವಷ್ಟೇ ಬಾಗಿಲು ತೆರೆದು, ಹೊರಗೆ ಜಾರಿ, ಎಳೆದುಕೊಂಡ.

ಒಳಗಿನಿಂದ ಲೋಟದ ಸದ್ದು ಬಂತು. ಅತ್ತೆ ಮಂಚದ ಕಾಲಿಗೆ ಲೋಟ ಬಡಿದು ಕರೆಯುತ್ತಾಳೆ. ಒಮ್ಮೆ ಬಡಿದರೆ ನೀರು, ಎರಡು ಸಲ ಬಡಿದರೆ ಬಚ್ಚಲು. ಈಗ ಅದು ಎಣಿಕೆಯಿಲ್ಲದೆ ಬಡಿಯಿತು. ಅವಳು ಓಡಿದಳು. ಆ ಕೋಣೆಗೆ ಕಿಟಕಿಯಿಲ್ಲ. ಥಿನ್ನರಿನ ಘಾಟು ಮುಂದಿನ ಕೋಣೆಗಿಂತ ಅಲ್ಲೇ ದಟ್ಟವಾಗಿತ್ತು. ಅತ್ತೆ ಮಂಡಿಯ ಮೇಲೆ ಕೈಯೂರಿ ಬಾಗಿ ಕೂತಿದ್ದಳು. ತುಟಿ ನೀಲಿಗಟ್ಟಿತ್ತು. ಸೊಸೆ ಮೊಳೆಯಿಂದ ಮಾಸ್ಕ್ ತಂದು ಅತ್ತೆಯ ಮುಖಕ್ಕೆ ಹಿಡಿದಳು. ಬಣ್ಣ ಹೆಪ್ಪುಗಟ್ಟಿದ್ದ ಅದರೊಳಗೆ ಇದ್ದಬದ್ದ ಉಸಿರೂ ಸಾಗಲಿಲ್ಲ. ಅತ್ತೆ ಅದನ್ನು ತಳ್ಳಿದಳು.

“ಬಾಗಿಲು ತೆಗೀತೀನಿ, ಅತ್ತೆ.”

ಮುದುಕಿ ಅವಳ ಮಣಿಕಟ್ಟು ಹಿಡಿದಳು. ಆ ಬೆರಳುಗಳೂ ಬೋಳೇ. “ಬೇಡ,” ಎಂದಳು. ಮುಂದಿನ ಮಾತಿಗೆ ಬಹಳ ಹೊತ್ತು ಹಿಡಿಯಿತು. “ಅವನ ಕೆಲಸ. ಮುಚ್ಚಿರಲಿ.”

ಹಿಡಿತ ಸಡಿಲಾಯಿತು. ಲೋಟ ಉರುಳಿ ಮಂಚದ ಕೆಳಗೆ ಹೋಯಿತು.

ಮುಂದಿನ ಕೋಣೆಯಲ್ಲಿ ಬಾನೆಟ್ ಇನ್ನೂ ಹಸಿಯಾಗಿತ್ತು. ಅವಳು ಬಾಗಿ ದಾಟುವಾಗ ಅದರಲ್ಲಿ ಅವಳ ಮುಖ ಸುಕ್ಕಿಲ್ಲದೆ, ತಗ್ಗಿಲ್ಲದೆ ಕಂಡಿತು. ಎಲ್ಲೂ ಒಂದು ಚುಕ್ಕೆಯಿರಲಿಲ್ಲ. ಹೊರಗೆ ಬೀದಿ ಎದ್ದಿತ್ತು. ಯಾರೋ ಅಂಗಳ ಗುಡಿಸುತ್ತಿದ್ದರು. ಬಸ್ಸೊಂದು ಹೋಯಿತು. ಈ ಕೆಲಸ ಕೆಟ್ಟರೆ ಗ್ಯಾರೇಜು ಇಲ್ಲ. ಗ್ಯಾರೇಜು ಇಲ್ಲದಿದ್ದರೆ ಗಂಡ ಹಗಲೆಲ್ಲ ಮನೆಯಲ್ಲಿ. ಅದು ಹೇಗಿರುತ್ತದೆಂದು ಅವಳ ಬೆನ್ನಿಗೆ ಗೊತ್ತಿತ್ತು.

ಕಿಟಕಿಯ ಹೊದಿಕೆಯನ್ನು ಒಂದೇ ಎಳೆತಕ್ಕೆ ಕಿತ್ತಳು. ಬಾಗಿಲನ್ನು ಗೋಡೆಗೆ ಬಡಿಯುವಂತೆ ತೆರೆದಳು. ಗಾಳಿ ಒಳನುಗ್ಗಿತು, ಬಿಸಿಲಿನ ಪಟ್ಟಿಯಲ್ಲಿ ಧೂಳು ಮಿನುಗುತ್ತ ಬಾನೆಟ್ಟಿನ ಮೇಲೆ ನಿಧಾನ ಇಳಿಯತೊಡಗಿತು.

ಒಳಗಿನಿಂದ ಕ್ಷೀಣವಾಗಿ ಒಂದು ಸಿಳ್ಳೆ ಕೇಳಿತು. ಅದರ ಹಿಂದೆಯೇ ಮಾತು: “ಮುಚ್ಚೇ…”

ಗಾಳಿಗೆ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳಲು ಬಂತು. ಅವಳು ಕಂಪ್ರೆಸರನ್ನು ಎರಡೂ ಕೈಯಲ್ಲಿ ದರದರನೆ ಎಳೆದು ತಂದು ಅದಕ್ಕೆ ಅಡ್ಡವಾಗಿ ನಿಲ್ಲಿಸಿದಳು. ಆಮೇಲೆ ಮುದುಕಿಯನ್ನು ಹೊಸ್ತಿಲಿಗೆ ಎತ್ತಿ ತರಲು ಒಳಗೆ ಹೋದಳು.