ಅಗ್ನಿ, ವಾಯು, ಜಲ, ಭೂಮಿ ಮತ್ತು ನಮ್ಮ ಎಮ್ಮೆಯ ಹಗ್ಗ

ಅಂದು ನಾನು ಅಂಗಳದಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ಫೋನು ಬಂತು. ಕೈಯೆಲ್ಲ ಖಾರ, ಮುಟ್ಟುವ ಹಾಗಿಲ್ಲ. ನಮ್ಮತ್ತೆ ಹೊರಸಿನಿಂದ ಎದ್ದು ಬಂದು ಫೋನನ್ನು ತಲೆಕೆಳಗು ಮಾಡಿ ನನ್ನ ಕಿವಿಗೆ ಒತ್ತಿ ಹಿಡಿದರು. ಉದಗೀರದ ಕಾಲೇಜಿನಿಂದ ಮಗಳ ದನಿ.

"ಅವ್ವಾ, ಸರ್ ನಮ್ಮ ನಾಟಕದ ಕಡೀ ಸೀನು ಬ್ಯಾಡ ಅಂದ್ರು. ಇವತ್ತ ಸಂಜಿತನಾ ಬ್ಯಾರೆ ಬರದು ಕಳಸಬೇಕಂತ. ಇಲ್ಲಂದ್ರ ನಾಟಕ ಕ್ಯಾನ್ಸಲ್. ಆ ಟೈಮಿನಾಗ ಹುಡುಗರು ಕಾಮಿಡಿ ಮಾಡ್ತಾರಂತ. ನಾವೆಲ್ಲಾರೂ ಊರಿಗೇ ಬರ್ಲತ್ತೀವಿ."

ನಾಟಕ ಅವಳೇ ಬರೆದದ್ದು, ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ. ಅವಳು ತಲೆಯಲ್ಲೇ ಕಟ್ಟಿದ ಒಂದು ಲೋಕದ ಇತಿಹಾಸ ಅದು. ಮನುಷ್ಯರು ಹುಟ್ಟುವ ಮೊದಲೇ ಅಲ್ಲಿ ಗುಡ್ಡದಷ್ಟು ದೊಡ್ಡ ನಾಲ್ಕು ಜೀವಗಳಿದ್ದವು: ಬೆಂಕಿ, ಗಾಳಿ, ನೀರು, ಮಣ್ಣು. ಬೆಂಕಿ ಮಲಗಿದಲ್ಲಿ ಕಾಡು ಬೂದಿ, ಮಣ್ಣು ಮಗ್ಗುಲಾದರೆ ಊರು ಮಾಯ. ಕೊನೆಗೆ ಒಬ್ಬ ರಾಣಿ ಬಂದು ನಾಲ್ವರನ್ನೂ ಕಬ್ಬಿಣದ ಸರಪಳಿಯಿಂದ ಕಟ್ಟಿ ಗುಡ್ಡದ ಕೆಳಗೆ ಹೂಳುತ್ತಾಳೆ. ಸರಪಳಿಯಿಂದ ಎಲ್ಲರೂ ಕಟ್ಟುತ್ತಾರೆ, ಇದರಲ್ಲಿ ಹೊಸದೇನಿದೆ ಅಂದಿದ್ದರಂತೆ ಸರ್. ದೀಪಾವಳಿಯಿಂದ ಈ ಹುಡುಗಿ ಉಣ್ಣುತ್ತ ಬರೆದಿದ್ದಳು, ದನಕ್ಕೆ ನೀರು ಕುಡಿಸುತ್ತ ಬರೆದಿದ್ದಳು. ಕೇಳಿ ನನಗೂ ಕಣ್ಣೀರು ಬಂತು. ಕಣ್ಣೊರೆಸಿಕೊಳ್ಳೋಣವೆಂದರೆ ಕೈಯಲ್ಲಿ ಖಾರ. ಒರೆಸಿಕೊಳ್ಳಲಿಲ್ಲ, ಶಿವ ಅಷ್ಟು ಬುದ್ಧಿ ಕೊಟ್ಟ.

ನಮ್ಮೂರ ಹತ್ತಿರದ ವಲಾಂಡಿ ಬಸ್ ಸ್ಟ್ಯಾಂಡಿನಿಂದ ಐವರೂ ನಡೆದೇ ಬಂದರು. ಮಗಳು ರಾಣಿ, ಉಳಿದ ನಾಲ್ವರು ಪಂಚಮಹಾಭೂತ.

"ಐದನೇದ್ದು ಎಲ್ಲಿ?" ಅಂದರು ಅತ್ತೆ.

"ಆಕಾಶಕ್ಕ ಹುಡುಗಿ ಸಿಗ್ಲಿಲ್ಲ, ಆಯಿ."

"ಇವಕ್ಕ ಕನ್ನಡ ಬರತದನು?"

"ನಾಟಕ ಮರಾಠಿದು ಆಯಿ. ಆದ್ರ ನೀರಿಗಿ ಬರತದ, ಆಕಿ ದೇವಣಿ ಕಡೀದಾಕಿ."

ಬೆಂಕಿಯಾಗಿದ್ದ ಹುಡುಗಿ ಬಂದವಳೇ ತಂಡಿ ಎಂದು ನನ್ನ ಶಾಲು ಹೊದ್ದುಕೊಂಡಳು. ಗಾಳಿಯ ಬಾಯಿ ಬಸ್ಸಿನಿಂದಲೂ ಮುಚ್ಚಿರಲಿಲ್ಲವಂತೆ. ಮಣ್ಣು ಮಾತ್ರ ಶಾಂತ. ಬೇವಿನ ಮರಕ್ಕೆ ಒರಗಿ ಹಾಗೇ ನಿದ್ದೆ ಹೋದಳು.

ನಾನು ರೊಟ್ಟಿ ಬಡಿಯಲು ಒಳಗೆ ಹೋದೆ. ಹೊರಗೆ ಏನೋ ಓಡಾಟ, ಕಿರುಚಾಟ. ರಾಣಿ ಉಪಾಯದಿಂದ ನಾಲ್ವರನ್ನೂ ಮರದ ಸುತ್ತ ಓಡಿಸಿ, ಅವರ ಓಟದಿಂದಲೇ ಹಗ್ಗ ಸುತ್ತಿಕೊಳ್ಳುವ ಹಾಗೆ ಮಾಡಿದರೆ ಹೊಸ ಸೀನ್ ಆಗುತ್ತದೆಂದು ಮಗಳ ಲೆಕ್ಕ. ಹಗ್ಗ ಬೇಕಲ್ಲ? ಎಮ್ಮೆಯ ಕೊರಳಿನದನ್ನು ಬಿಚ್ಚಿಕೊಂಡಿದ್ದಾಳೆ. ಎಮ್ಮೆ ಸುಮ್ಮನೆ ಮೆಲುಕು ಹಾಕುತ್ತ ನಿಂತಿತ್ತಂತೆ, ಅದಕ್ಕೆ ನಿಲ್ಲುತ್ತದೆ ಅಂದುಕೊಂಡಳಂತೆ.

ನಾನು ಹೊರಗೆ ಬಂದಾಗ ನಿದ್ದೆಯಲ್ಲಿದ್ದ ಮಣ್ಣೂ ಸೇರಿ ನಾಲ್ಕು ಮಹಾಶಕ್ತಿಗಳು ಬೇವಿನ ಮರಕ್ಕೆ ಬಿಗಿಸಿಕೊಂಡಿದ್ದವು, ಎಮ್ಮೆಯ ಗೂಟ ಖಾಲಿ ಇತ್ತು.

"ಎಮ್ಮಿ ಎಲ್ಲೇ?"

ಮಗಳು ಗೂಟ ನೋಡಿದಳು, ನನ್ನನ್ನು ನೋಡಿದಳು. ಪಕ್ಕದ ಹೊಲದಿಂದ ನೆರೆಮನೆಯ ವೈನಿಯೇ ಹೇಳಿದರು, ಊರಿಗೆಲ್ಲ ಕೇಳುವ ಹಾಗೆ: "ನಿಮ್ಮ ಎಮ್ಮಿಗಿ ನಮ್ಮ ತೊಗರಿ ಹೊಲ ಬೀಗರ ಮನಿ ಆಗ್ಯಾದೇನ್ರೀ? ತಾಟು ಹಾಕ್ಲೇನು?"

ಮನೆಯವರು ಸೋಯಾಬೀನ್ ಚೀಲ ಹಾಕಿಕೊಂಡು ಮಾರಲು ಉದಗೀರದ ಮೊಂಡ್ಯಾ ಬಜಾರಕ್ಕೆ ಹೋಗಿದ್ದರು. ಅದೂ ಒಂದು ಪುಣ್ಯವೇ, ಇಲ್ಲದಿದ್ದರೆ ಅವರ ಸಿಟ್ಟನ್ನೂ ಎಲ್ಲಾದರೂ ಕಟ್ಟಿಹಾಕಬೇಕಿತ್ತು. ನಾನು, ಮಗಳು ಓಡಿದೆವು. ನಾವು ಎಡಕ್ಕೆ ಹೋದರೆ ಎಮ್ಮೆ ಬಲಕ್ಕೆ. ಗಾಳಿ ಮರಕ್ಕೆ ಬಿಗಿದಲ್ಲಿಂದಲೇ "ಕಾಕೂ, ಡಾವೀಕಡೂನ್! ಕಾಕೂ, ಉಜವೀಕಡೂನ್!" ಎಂದು ಎಡ ಬಲ ಹೇಳಿಕೊಡುತ್ತಿದ್ದಳು. ಎಮ್ಮೆಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತಿತ್ತೋ ಏನೋ, ಪ್ರತಿ ಸಲವೂ ಅದು ಮೊದಲೇ ಆಚೆ ಕಡೆ.

ಜಗಳಕ್ಕೆಂದು ಸೆರಗು ಸಿಕ್ಕಿಸಿಕೊಂಡು ಬಂದ ವೈನಿ ನಮ್ಮ ಅಂಗಳದಲ್ಲಿ ಗಕ್ಕನೆ ನಿಂತರು. "ಏನಿದು ಆಯಿ? ಯಾರ ಹೆಣ್ಣಮಕ್ಕಳ್ರೀ ಇವು? ಯಾಕ ಕಟ್ಟೀರಿ?"

ಅತ್ತೆ ಹೊರಸಿನಲ್ಲಿ ಕೂತೇ ಬೆರಳು ಮಾಡಿ ತೋರಿಸಿದರು. "ಆಕಿ ಬೆಂಕಿ. ಆಕಿ ಗಾಳಿ. ಇಕಿ ನೀರು. ಮಲ್ಕೊಂಡಾಕಿ ಭೂಮಿತಾಯಿ."

ನಮ್ಮ ಕಡೆ ಮೈಮೇಲೆ ದೇವರು ಬರುವುದು ಹೊಸದಲ್ಲ. ಒಂದೇ ಮರದಡಿ ನಾಲ್ಕು ಬಂದಿದ್ದನ್ನು ಮಾತ್ರ ವೈನಿ ನೋಡಿರಲಿಲ್ಲ. ಚಪ್ಪಲಿ ಬಿಟ್ಟು, ಸೆರಗು ತಲೆಗೆ ಹೊದ್ದು, ನೇರ ನೀರಿನ ಮುಂದೆ ಕೈಮುಗಿದು ನಿಂತರು. "ತಾಯಿ, ನಮ್ಮ ಬೋರಿಗಿ ನೀರು ಬೀಳತದನು?"

ಹುಡುಗಿ ಸಣ್ಣ ಮುಖ ಮಾಡಿ ಅಂದಳು, "ನನಗೇ ನೀರಡಿಕಿ ಆಗ್ಯಾದ್ರೀ. ಮೊದಲ ಕುಡ್ಯಾಕ ಕೊಡ್ರಿ."

ವೈನಿ ಓಡಿಹೋಗಿ ತಮ್ಮ ಮನೆಯಿಂದಲೇ ತಂಬಿಗೆ ತುಂಬಿ ತಂದು ಕುಡಿಸಿದರು. ಜೊತೆಗೆ ನಾಲ್ವರ ಹಣೆಗೂ ವಿಭೂತಿ. ತೊಗರಿಯ ಮಾತು ಅಂದಿನಿಂದ ಇಂದಿನವರೆಗೂ ಎತ್ತಿಲ್ಲ. ನಾಟಕವೆಂದು ಆಮೇಲೆ ತಿಳಿಸಿ ಹೇಳಿದೆ. "ಇರಲಿ ಬಿಡ್ರಿ, ನೀರು ಕುಡಿಸಿದ್ದು ಎಲ್ಲಿ ಹೋಗತದ" ಅಂದರು. ಒಳ್ಳೆಯ ನೆರೆ ಸಿಕ್ಕಿದ್ದೂ ಶಿವನ ದಯೆಯೇ.

ಎಮ್ಮೆ ಮಾತ್ರ ತೊಗರಿ ಬಿಟ್ಟು ಬಾರದು. ಮಗಳು ಬದುವಿನ ಮೇಲೆ ಕೂತು ಅಳತೊಡಗಿದಳು. "ಒಂದ ಎಮ್ಮಿ ಕಟ್ಟಾಕ ಬರಂಗಿಲ್ಲ, ನಾಕು ದೇವತಿ ಕಟ್ಟೋ ನಾಟಕ ಬರದೀನಿ. ಹುಡುಗರು ಕಾಮಿಡಿನೇ ಮಾಡ್ಲಿ ಬಿಡವ್ವ." ಹೊತ್ತು ಇಳಿಯುತ್ತಿತ್ತು. ಇನ್ನು ಸ್ವಲ್ಪದರಲ್ಲಿ ಸೀನು ಎಲ್ಲಿ ಎಂದು ಸರ್ ಫೋನು ಮಾಡುವವರಿದ್ದರು.

ಆಗ ಅತ್ತೆ ಎದ್ದು ಒಳಗೆ ಹೋದರು. ಹಿಂಡಿ ನೆನೆಸಿದ ಬಕೆಟ್ಟನ್ನು ತಂದು ಗೂಟದ ಹತ್ತಿರ ಟಣ್ಣನೆ ಇಟ್ಟರು. ಅಷ್ಟೇ. ಎಮ್ಮೆ ತೊಗರಿಯಿಂದ ಮುಖ ಎತ್ತಿ, ನಮ್ಮಿಬ್ಬರ ನಡುವಿನಿಂದಲೇ ಮದುಮಗಳ ಹಾಗೆ ನಡೆದು ಬಂದು ತನ್ನ ಗೂಟದ ಬಳಿ ನಿಂತು ಬಕೆಟ್ಟಿಗೆ ಬಾಯಿ ಹಾಕಿತು.

"ಹಗ್ಗೇ ಇಲ್ಲಲ್ಲ ಆಯಿ, ಹ್ಯಾಂಗ ನಿಂತಾದ?"

"ಹಗ್ಗ ನಮ್ಮ ಸಮಾಧಾನಕ್ಕ. ಹೊತ್ತಿಗಿ ಸರಿ ಹಿಂಡಿ ಇಟ್ರ ತಾನೇ ನಿಲ್ಲತದ."

ನನಗೆ ತಡೆಯಲಾಗಲಿಲ್ಲ. "ಅದು ನಿಲ್ಲತದ ಖರೆ ಅತ್ತಿ, ಕಟ್ಟಿಸ್ಕೊಂಡಾಕಿ ನಾ ಆದೆ. ತಮ್ಮನ ಮದ್ವ್ಯಾಗ ಅಕ್ಕಿಕಾಳು ಹಾಕಿದವಳೇ ಹಾಲು ಹಿಂಡೋ ಹೊತ್ತಾಯ್ತಂತ ಓಡಿ ಬಂದೀನಿ."

ಅತ್ತೆ ನಕ್ಕರು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಸೆರಗಿನಿಂದ ಹೊರತೆಗೆದು ಅಂಗೈಯಲ್ಲಿಟ್ಟು ಮೊಮ್ಮಗಳಿಗೆ ತೋರಿಸಿದರು. "ಇದರಾಗ ಇಡೀ ಬ್ರಹ್ಮಾಂಡ ಅದ. ದಾರ ಹಾಕಿ ನಾನೇ ಕಟ್ಕೊಂಡೀನಿ. ಆದ್ರ ಇದರ ಪೂಜಿ ಆಗೋತನಾ ಒಂದು ಗುಟುಕು ಚಾ ಕುಡ್ಯಂಗಿಲ್ಲ ನಾ. ಈಗ ನೀನೇ ಹೇಳು, ಯಾರು ಯಾರನ್ನ ಕಟ್ಯಾರ?"

ಮಗಳು ಮೂಗು ಒರೆಸಿಕೊಂಡಳು. ಆಮೇಲೆ ಒಂದೇ ಸಮನೆ ಮಾತಾಡುತ್ತ ಫೋನಿನಲ್ಲಿ ರೆಕಾರ್ಡ್ ಮಾಡತೊಡಗಿದಳು, ಸರ್‌ಗೆ ಕಳಿಸಲು. ಹೊಸ ಕೊನೆ ಹೀಗೆ: ಸರಪಳಿ ಹರಿಯುತ್ತದೆ. ರಾಣಿ ಸೋತು ಮಾತು ಕೊಡುತ್ತಾಳೆ. ಬೆಂಕಿಗೆ ದಿನಾ ಸಂಜೆ ದೀಪ, ನೀರಿಗೆ ತೊಳೆದ ಕೊಡ, ಮಣ್ಣಿಗೆ ಬಿತ್ತುವ ಮೊದಲು ನಮಸ್ಕಾರ, ಗಾಳಿಗೆ ರಾಶಿ ತೂರುವಾಗ ಒಂದು ಕೂಗು. ಮನುಷ್ಯರು ಹೊತ್ತು ತಪ್ಪಿಸದಷ್ಟು ದಿನ ನಾಲ್ವರೂ ಇದ್ದಲ್ಲೇ ಇರುತ್ತಾರೆ. ಅಂದಿನಿಂದ ಆ ಲೋಕದಲ್ಲಿ ಯಾರೂ ಸಂಜೆ ಮನೆ ಬಿಟ್ಟು ಹೋಗುವಂತಿಲ್ಲ. ಕಟ್ಟಿದವರೇ ಕಟ್ಟಿಗೆ ಬಿದ್ದರು.

ಅಷ್ಟರಲ್ಲಿ ಅತ್ತೆ ಹಗ್ಗದ ಗಂಟು ಬಿಚ್ಚಿದ್ದರು. ಮಣ್ಣು ಎಚ್ಚರಾಗಿ "ನಾಟಕ ಶುರು ಆಯ್ತಾ?" ಅಂತ ಮರಾಠಿಯಲ್ಲಿ ಕೇಳಿದಳು. ಎಲ್ಲರೂ ಫೋನಿನ ಸುತ್ತ ಕೂತೆವು. ನಾನು ಮನಸ್ಸಿನಲ್ಲೇ ಓಂ ನಮಃ ಶಿವಾಯ ಹೇಳುತ್ತಿದ್ದೆ. ಗಾಳಿ ಕೂಡ ಬಾಯಿ ಮುಚ್ಚಿದ್ದಳು.

ಸರ್ ಫೋನು ಮಾಡಿದರು. ಮಗಳು ಸ್ಪೀಕರಿಗೆ ಹಾಕಿದಳು.

"ಚಾಂಗಲಂ ಆಹೆ," ಅಂದರು. ಚೆನ್ನಾಗಿದೆ, ನಾಟಕ ಇದೆ. ಆಮೇಲೆ ಕೇಳಿದರು, ಕಳಿಸಿದ ರೆಕಾರ್ಡಿಂಗಿನಲ್ಲಿ ನಡುನಡುವೆ ಉಸಿರು ಬಿಡುತ್ತ ಬಕೆಟ್ಟು ನೆಕ್ಕುತ್ತಿರುವ ಪಾತ್ರ ಯಾವುದು, ಅದೂ ಸ್ಟೇಜಿಗೆ ಬರುತ್ತದೆಯೇ?

ಹುಡುಗಿಯರು ಅಂಗಳವೆಲ್ಲ ಕುಣಿದರು. ಬೆಂಕಿ ನನ್ನ ಶಾಲು ಕೆಳಗೆ ಬಿಸಾಕಿ ಕುಣಿದಳು. ಮಗಳು ಬಂದು ನನ್ನ ಹೆಗಲಿಗೆ ಮುಖ ಒತ್ತಿದಳು. ಉದಗೀರದ ಕಡೇ ಬಸ್ಸಿಗೆ ಇನ್ನೂ ವೇಳೆಯಿತ್ತು, ಐವರೂ ರೊಟ್ಟಿ ಉಂಡು ಹೋಗಬಹುದಿತ್ತು. ನಾನು ಚೆರಿಗೆ ತೊಳೆದುಕೊಂಡು, ಎಮ್ಮೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಹಾಲು ಹಿಂಡತೊಡಗಿದೆ.