ಸಾಲಿನಲ್ಲಿ ಹೆಚ್ಚಾದ ಎರಡು ಕೈ

ಆಗಿನ್ನೂ ನಮ್ಮ ಹೊನವಾಡದ ಕಡೆ ಮಣೂಕ, ಅಂದರೆ ಒಣದ್ರಾಕ್ಷಿ, ಆರಿಸುವುದಕ್ಕೆ ಯಂತ್ರ ಬಂದಿರಲಿಲ್ಲ. ಬೇಸಿಗೆ ಬಂತೆಂದರೆ ಊರಿಗೆಲ್ಲ ಗಂಧಕದ ಘಾಟು. ದ್ರಾಕ್ಷಿಗೆ ಹಳದಿ ಬಣ್ಣ ಬರಲೆಂದು ಶೆಡ್ಡಿನಲ್ಲಿ ಹಾಕುವ ಆ ಹೊಗೆ ಮೂಗು ಸುಡುತ್ತಿತ್ತು. ಆದರೂ ನಾವು ಮಕ್ಕಳು ಅಲ್ಲೇ ಬಿದ್ದಿರುತ್ತಿದ್ದೆವು. ದ್ರಾಕ್ಷಿ ಒಣಗಿಸುವ ಬಲೆಗಳ ಕೆಳಗೆ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ಸಿಕ್ಕಿಬಿದ್ದವರ ಬಾಯಿ ತುಂಬ ಮಣೂಕವಿರುತ್ತಿದ್ದುದರಿಂದ ಬೈಗುಳ ತಿಂದರೂ ತಿರುಗಿ ಮಾತಾಡಲು ಆಗುತ್ತಿರಲಿಲ್ಲ.

ನಾನು ಎಂಟನೆಯ ಇಯತ್ತೆ. ಬಿಸಿಲಿಗೆ ಮುಂಜಾನೆಯ ಶಾಲೆ. ಮಧ್ಯಾಹ್ನ ನಮ್ಮ ಶೆಡ್ಡು. ಅಲ್ಲಿ ಹೆಣ್ಣುಮಕ್ಕಳು ಚೀಲ ಹಾಸಿಕೊಂಡು ಸಾಲಾಗಿ ಕುಳಿತು ಮಣೂಕದ ತೊಟ್ಟು ಬಿಡಿಸುತ್ತಿದ್ದರು. ಕಟಕ ರೊಟ್ಟಿ, ಶೇಂಗಾ ಹಿಂಡಿ ತಿಂದಾದ ಮೇಲೆ ಎಲ್ಲರಿಗೂ ತೂಕಡಿಕೆ. ಆಗ ನನ್ನ ಕತೆ ಶುರುವಾಗುತ್ತಿತ್ತು. ದೆವ್ವದ ಕತೆ ಬಿಟ್ಟರೆ ಬೇರೆ ಕತೆ ನನಗೆ ಹೊಳೆಯುತ್ತಲೇ ಇರಲಿಲ್ಲ.

ಆ ವರ್ಷದ ಕತೆ ಹೀಗಿತ್ತು: ಇಂಥದೇ ಒಂದು ಶೆಡ್ಡು, ಇಂಥದೇ ಒಂದು ಸಾಲು. ಒಂದು ದಿನ ಒಬ್ಬಳು ತಲೆ ಎತ್ತಿ ನೋಡಿದರೆ, ಕುಳಿತವರಿಗಿಂತ ಎರಡು ಕೈ ಹೆಚ್ಚಿಗೆ ತೊಟ್ಟು ಬಿಡಿಸುತ್ತಿವೆ. ಬಳೆ ಇವೆ, ಬೆರಳಿವೆ, ಮುಖವಿಲ್ಲ.

ಅಷ್ಟು ಹೇಳಿ ನಿಲ್ಲಿಸಿದೆ. ಎಲ್ಲರೂ ಮೆಲ್ಲಗೆ ಪಕ್ಕದವರ ಕೈ ನೋಡಿದರು. ಸಾಲಿಗೇ ಹಿರಿಯಳಾದ ಗೌರಕ್ಕ ನನ್ನ ರಟ್ಟೆ ಹಿಡಿದಳು.

“ಯವ್ವಾ, ಮುಂದೇನಾತ ಹೇಳ ಬೇ! ಯಾರವು ಆ ಕೈ?”

“ನಾಳಿಗಿ.”

“ನಾಳಿಗಿ ಅಂದ್ರ ರಾತ್ರಿ ಹೊರಗ ಹೆಂಗ ಹೋಗ್ಲಿ ನಾ? ನಿಮ್ಮಪ್ಪನ್ನ ಕರಕೊಂಡ ಹೋಗ್ಲೇನು?”

ಶೆಡ್ಡೆಲ್ಲ ನಗು. ಅಂಥ ಖುಷಿ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಆದರೆ ನನಗೆ ಅದು ಸಾಲಲಿಲ್ಲ. ಶಾಲೆಯ ವಾರ್ಷಿಕ ಸಂಚಿಕೆ ಅಚ್ಚಾಗುವುದಿತ್ತು. ಅದರಲ್ಲಿ ನನ್ನ ಹೆಸರು ಬರಬೇಕಿತ್ತು. ರಾತ್ರಿ ಕೂತು ಕತೆ ಬರೆದು, ವಿಜಯಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಕನ್ನಡ ಸರ್ ಕೈಗೆ ಕೊಟ್ಟೆ. ಶೆಡ್ಡಿನಲ್ಲಿ ಮಾತ್ರ “ಅಚ್ಚಾದ ಮ್ಯಾಲೆ ಓದಿ ಹೇಳತೇನಿ” ಎಂದು ಬಾಯಿ ಬಿಗಿದುಕೊಂಡೆ.

ಸರ್ ನನ್ನ ಹಾಳೆಗಳನ್ನು ಎರಡೇ ಬೆರಳಲ್ಲಿ ಹಿಡಿದು ತರಗತಿಗೆಲ್ಲ ತೋರಿಸಿದರು.

“ದೆವ್ವಾ ಭೂತಾ ಬರದು ಮಂದೀನ ಹೆದರಸೂದು ಸಾಹಿತ್ಯ ಅಲ್ಲ ತಂಗಿ. ಇದರಾಗ ನೀತಿ ಎಲ್ಲೈತಿ? ನಿಮ್ಮವ್ವನ ಬಗ್ಗೆ ಬರಿ, ತ್ವಾಟದ ಬಗ್ಗೆ ಬರಿ.”

ಹುಡುಗರು “ಹೂಂ... ದೆವ್ವಾ...” ಎಂದು ಊಳಿಟ್ಟರು. ಸರ್ ಕೂಡ ನಕ್ಕರು. ಆ ನಗುವಿನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಮೋರೆ ಇಳಿಬಿಟ್ಟು ಶೆಡ್ಡಿಗೆ ಹೋದರೆ ಗೌರಕ್ಕ ಸಮಾಧಾನ ಮಾಡಿದಳು.

“ಅಚ್ಚ ಹಾಕದಿದ್ರ ಏನಾತ ಬಿಡ ಬೇ. ಹಾಕಿದ್ರೂ ನಮಗೇನ ಓದಾಕ ಬರತೈತೇನು? ನೀ ಬಾಯಲೆ ಹೇಳ.”

ಹೇಳಲಿಲ್ಲ. ಓದಲು ಬಾರದವರ ಮೆಚ್ಚುಗೆ ಯಾರಿಗೆ ಬೇಕು ಎಂಬ ಸೊಕ್ಕು. ಮನೆಗೆ ಹೋಗಿ ಕತೆಯನ್ನು ತಿದ್ದಿದೆ. ಆ ಕೈಗಳು ಬಲ್ಬಿನ ಬೆಳಕಿಗೆ ಬಿದ್ದ ನೆರಳು ಎಂದು ಶಾಲೆಯ ಹುಡುಗಿಯೊಬ್ಬಳು ತೋರಿಸಿಕೊಡುತ್ತಾಳೆ; ಹೆಂಗಸರು ಮೂಢನಂಬಿಕೆ ಬಿಟ್ಟು ಅಕ್ಷರ ಕಲಿಯುತ್ತಾರೆ. ಸರ್ ಬೆನ್ನು ತಟ್ಟಿದರು. ಕತೆ ಹೆಸರಿನ ಸಮೇತ ಅಚ್ಚಾಯಿತು.

ಸಂಚಿಕೆ ಎದೆಗೊತ್ತಿಕೊಂಡು ಶೆಡ್ಡಿಗೆ ಓಡಿದೆ. ಗಟ್ಟಿಯಾಗಿ ಓದಿದೆ. ಮೊದಲು ಎಲ್ಲರ ಕೈ ನಿಂತವು. ನೆರಳಿನ ಮಾತು ಬಂದಾಗ ಒಬ್ಬೊಬ್ಬರೇ ಮತ್ತೆ ತೊಟ್ಟು ಬಿಡಿಸತೊಡಗಿದರು.

“ಮುಗೀತೇನು?” ಎಂದಳು ಗೌರಕ್ಕ. “ನೆಳ್ಳಿಗಿ ಹೆದರಿದ್ವ್ಯಾ ನಾವು? ಅಷ್ಟ ಹುಚ್ಚ ಅದೀವೇನು?”

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು. ಮರುದಿನ ನಾನು ಹೋದಾಗ ಸಾಲು ಯಾರದೋ ಮದುವೆಯ ಮಾತಿನಲ್ಲಿತ್ತು. ಕತೆ ಹೇಳೆಂದು ಯಾರೂ ಅನ್ನಲಿಲ್ಲ. ಆ ಬೇಸಿಗೆ ಪೂರ್ತಿ ಅನ್ನಲಿಲ್ಲ. ಸರ್ ಬೇಡವೆಂದಾಗ ನಾನು ಅತ್ತಿದ್ದೆ. ಇದಕ್ಕೆ ಅಳುವೂ ಬರಲಿಲ್ಲ.

ಈಗ ವಿಜಯಪುರದಲ್ಲಿದ್ದೇನೆ. ಈಗಲೂ ದೆವ್ವದ ಕತೆಯನ್ನೇ ಬರೆಯುತ್ತೇನೆ. ಪತ್ರಿಕೆಯವರು, ಪ್ರಕಾಶಕರು ಬಲು ನಯವಾಗಿ ಕೈ ಝಾಡಿಸುತ್ತಾರೆ: ‘ಭಾಷೆ ಚೆನ್ನಾಗಿದೆ. ಇಂಥದು ನಾವು ಹಾಕುವುದಿಲ್ಲ. ನಿಮ್ಮ ಕಡೆಯ ಹೆಣ್ಣುಮಕ್ಕಳ ಬದುಕಿನ ಬಗ್ಗೆ ಬರೆಯಿರಿ.’ ನಾನು ಬರೆದದ್ದೆಲ್ಲ ಅದೇ ಎಂದು ಇವರಿಗೆ ಯಾರು ಹೇಳಬೇಕು? ಮೈ ಉರಿಯುತ್ತದೆ, ಎರಡು ದಿನ ಮನೆಯವರ ಮೇಲೆ ರೇಗುತ್ತೇನೆ, ಮತ್ತೆ ಬರೆಯುತ್ತೇನೆ. ದೆವ್ವವನ್ನು ಮಾತ್ರ ಯಾರ ಸಲುವಾಗಿಯೂ ತೆಗೆಯುವುದಿಲ್ಲ.

ಹೋದ ವರ್ಷ, ಸಾರವಾಡದಲ್ಲಿ ಮಗಳ ಮನೆಯಲ್ಲಿರುವ ಗೌರಕ್ಕನನ್ನು ಹುಡುಕಿಕೊಂಡು ಹೋದೆ. ನಿಜವಾದ ಕೊನೆಯನ್ನು ಆಕೆಗಾದರೂ ಹೇಳಬೇಕಿತ್ತು. ಗುರುತು ಹಿಡಿದಳು, ಕುರ್ಚಿ ಹಾಕಿಸಿದಳು. ಕತೆ ಮಾತ್ರ ನೆನಪಿರಲಿಲ್ಲ.

“ಯಾವ ಕತೀರಿ?”

ಮೊದಲಿನಿಂದ ಹೇಳಿದೆ. ಶೆಡ್ಡು, ಸಾಲು, ಬಳೆ, ಎರಡು ಕೈ. ಆಗಿನಂತೆಯೇ ಅಲ್ಲಿಗೆ ತಂದು ನಿಲ್ಲಿಸಿದೆ. ಗೌರಕ್ಕ ತಲೆದೂಗಿದಳು.

“ಛಲೋ ಐತ್ರಿ. ಶಾಣ್ಯಾ ಅದೀರಿ ನೀವು. ಚಾ ಆರಾಕತ್ತೈತಿ, ಕುಡೀರಿ.”

ಚಹಾ ಮುಗಿಯುವವರೆಗೂ ಕಾದೆ. ಆಕೆ ಮುಂದೇನಾಯಿತೆಂದು ಕೇಳಲಿಲ್ಲ.