ಮುತ್ತಿ ಆರಿಸಿಕೊಂಡ ಪಂಪ್ ಕೋವಿ

ವಿರಾಜಪೇಟೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮುತ್ತಿ ಇಪ್ಪತ್ತೆಂಟು ವರ್ಷದಿಂದ ರವಿಕೆ ಹೊಲಿಯುತ್ತಿದ್ದಾಳೆ. ದೊಡ್ಡ ಕತ್ತರಿ ಹಿಡಿದು ಹಿಡಿದು ಬಲಗೈ ಹೆಬ್ಬೆರಳಿನ ಬುಡದ ಕೀಲು ಸವೆದುಹೋಗಿದೆ. ಕೈಗೆ ವಿಶ್ರಾಂತಿ ಕೊಡಿ ಎಂದ ಡಾಕ್ಟರ ಮುಂದೆ ಸುಮ್ಮನೆ ತಲೆಯಾಡಿಸಿ ಬಂದವಳು ಅಂದೇ ಮದುವೆ ಮನೆಯೊಂದರ ಒಂಬತ್ತು ರವಿಕೆ ಕತ್ತರಿಸಿದಳು.

ವರ್ಷಕ್ಕೊಮ್ಮೆ, ಕೋವಿ ಕತ್ತಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತ ಹಬ್ಬದ ದಿನಗಳಲ್ಲಿ ಮಾತ್ರ ಆ ಕೈ ಬೇರೆ ಕೆಲಸ ಮಾಡುತ್ತಿತ್ತು. ಮೈದಾನದಲ್ಲಿ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಸ್ಪರ್ಧೆಗೆ ಅವಳು ತಪ್ಪದೆ ಹೋಗುತ್ತಿದ್ದಳು. ಒಬ್ಬೊಬ್ಬರಿಗೆ ಮೂರೇ ಗುಂಡು. ಹೋದ ವರ್ಷ ಮೊದಲನೆಯದು ಹೊಡೆದ ಮೇಲೆ ಮುಂದಿನ ತೋಟೆ ಹತ್ತಿಸಲು ಕೋವಿಯ ಬೋಲ್ಟ್ ಹಿಡಿ ಎತ್ತಲು ಹೋದರೆ ನೋವು ಮೊಣಕೈವರೆಗೆ ಹತ್ತಿತು. ಪಕ್ಕದಲ್ಲಿದ್ದ ಸ್ವಯಂಸೇವಕ, "ಅಕ್ಕ, ನಾನು ಎಳೆದು ಕೊಡ್ಲಾ?" ಎಂದ. ಅವನೇ ಎಳೆದುಕೊಟ್ಟ. ಉಳಿದೆರಡು ಗುಂಡು ಎಲ್ಲಿ ಹೋದವೋ ಅವಳಿಗೇ ತಿಳಿಯಲಿಲ್ಲ.

"ಬಿಟ್ಟುಬಿಡು ಮಾರಾಯ್ತಿ," ಎಂದ ಗಂಡ ಗಿರಿ. ಅವನು ಗೋಣಿಕೊಪ್ಪ ಮಾರ್ಗದ ಬಸ್ ಡ್ರೈವರ್. ಸಂಜೆ ಮನೆಗೆ ಬಂದರೆ ಅವನಿಗೂ ಸೊಂಟ ನೆಟ್ಟಗಿರುತ್ತಿರಲಿಲ್ಲ. ಬಿಡುವುದು ಸುಲಭವೆಂದು ಮುತ್ತಿಗೂ ಗೊತ್ತಿತ್ತು. ಆದರೆ ಯಾರೂ ಹೇಳದೆ, ಯಾರಿಗೂ ಕೊಡಲಿಕ್ಕಿಲ್ಲದೆ ಅವಳು ಮಾಡುತ್ತಿದ್ದ ಕೆಲಸ ಅದೊಂದೇ.

ಈ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ, ಪೇಟೆಯಲ್ಲೇ ಕೋವಿ ಅಂಗಡಿ ಇಟ್ಟಿರುವ ನಾಣಯ್ಯನ ಬಳಿ ಹೋದಳು. ಅವನು ಅವಳ ಹೆಬ್ಬೆರಳು ನೋಡಿದ.

"ಇದಕ್ಕೆ ಬೋಲ್ಟ್ ಕೋವಿ ಆಗೂದಿಲ್ಲ ಅಕ್ಕ. ಪಂಪ್ ಬೇಕು. ಎಡಗೈಯಲ್ಲಿ ನಳಿಗೆ ಕೆಳಗಿನ ಮರ ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿದರೆ ಸಾಕು, ತೋಟೆ ತಾನೇ ಹತ್ತುತ್ತದೆ. ಬಲಗೈ ಇದ್ದಲ್ಲೇ ಇರ್ತದೆ."

"ಹಾಗಾದರೆ ಅದನ್ನೇ ಕೊಡು."

"ಎಲ್ಲಿಂದ ಕೊಡೂದು? ಪಾಯಿಂಟ್ ಟೂ ಟೂ, ಆ ಸಣ್ಣ ತೋಟೆಯ ಪಂಪ್, ಈಗ ಹೊಸತು ಸಿಕ್ಕೂದೇ ಇಲ್ಲ. ಹಳೇದು ಎರಡು ನನಗೆ ಗೊತ್ತುಂಟು. ಒಂದು ಇಲ್ಲೇ ಉಂಟು."

ಒಳಗಿನಿಂದ ತಂದ ಕೋವಿ ಕಪ್ಪು ಬಣ್ಣ ಹೊಸದಾಗಿ ಹಾಕಿಸಿಕೊಂಡು ಮಿರಮಿರ ಮಿಂಚುತ್ತಿತ್ತು. ಒಳಗೆ ತೋಟೆಯಿಲ್ಲವೆಂದು ತೆರೆದು ತೋರಿಸಿ ಅವಳ ಕೈಗಿತ್ತ. ಮುತ್ತಿ ಕುತ್ತಿಗೆಯಲ್ಲೇ ಉಳಿದಿದ್ದ ಟೇಪು ತೆಗೆದು ಮೊದಲು ತನ್ನ ಮೊಣಕೈ ಮಡಿಕೆಯಿಂದ ತೋರುಬೆರಳಿನವರೆಗೆ, ಆಮೇಲೆ ಕೋವಿಯ ಹಿಂಬದಿಯಿಂದ ಬೆರಳು ಎಳೆಯುವ ಕುದುರೆಯವರೆಗೆ ಅಳೆದಳು. ಅವಳ ಕೈಗಿಂತ ಕೋವಿಯದು ಒಂದೂವರೆ ಇಂಚು ಹೆಚ್ಚು.

"ಹಿಂದಿನ ಮರ ಅಷ್ಟು ಕತ್ತರಿಸಬಹುದು," ಎಂದ ನಾಣಯ್ಯ.

ಅದು ಸರಿ. ಆದರೆ ಪಂಪ್ ಎಳೆದಾಗ ಮರಳು ಸಿಕ್ಕಿಕೊಂಡಂತೆ ಗರಗರ ಎಂದಿತು. ಟಾರ್ಚ್ ಬಿಟ್ಟು ನಳಿಗೆಯೊಳಗೆ ನೋಡಿದರೆ ತುಕ್ಕು ತಿಂದ ಗುಳಿಗಳು. ಮೇಲೆ ಬಣ್ಣ ಹೊಡೆದ ಹಳೆ ಬಟ್ಟೆಗಳನ್ನು ಅವಳು ಎಷ್ಟೋ ನೋಡಿದ್ದಳು.

"ಇನ್ನೊಂದು ಎಲ್ಲುಂಟು?"

"ತಿತಿಮತಿಯಲ್ಲಿ. ಕುಟ್ಟಪ್ಪ ಅಂತ ಅಜ್ಜ ಒಬ್ಬರು. ಅವರು ಎಲ್ಲರಿಗೂ ಕೊಡೂದಿಲ್ಲ."

ಭಾನುವಾರ ಅವಳು ಬಸ್ಸಿನಲ್ಲಿ ಹೋದಳು. ಕಿಟಕಿಗೆ ತಲೆಯಿಟ್ಟವಳು ನಿದ್ದೆಹೋಗಿ, ಇಳಿಯುವ ಜಾಗ ದಾಟಿ, ಬಿಸಿಲಲ್ಲಿ ಒಂದು ಮೈಲಿ ಹಿಂದಕ್ಕೆ ನಡೆದಳು. ಕುಟ್ಟಪ್ಪನ ಸೊಸೆ ಪವಿತ್ರಾ ನೀರು ಕೊಟ್ಟು, "ಮಾವ ಈಗಾಗಲೇ ಮೂರು ಜನಕ್ಕೆ ಇಲ್ಲ ಅಂದಿದ್ದಾರೆ. ಒಬ್ಬರು ಹೋಂಸ್ಟೇ ಗೋಡೆಗೆ ನೇತುಹಾಕ್ಲಿಕ್ಕೆ ಕೇಳಿದ್ದು," ಎಂದು ಮೆಲ್ಲಗೆ ಹೇಳಿದಳು.

ಎಂಬತ್ತರ ಕುಟ್ಟಪ್ಪನಿಗೆ ಬಲಗಣ್ಣು ಪೂರ್ತಿ ಮಂಜಾಗಿತ್ತು. ಅವರು ತಂದ ಕೋವಿಯಲ್ಲಿ ಬಣ್ಣವೇ ಉಳಿದಿರಲಿಲ್ಲ. ಮರ ಕೈಬೆವರಿಗೆ ಕಪ್ಪಾಗಿತ್ತು. ಆದರೆ ಪಂಪ್ ಎಳೆದರೆ ಎಣ್ಣೆ ಹಾಕಿದ ಹೊಲಿಗೆ ಯಂತ್ರದ ಹಾಗೆ ಸದ್ದಿಲ್ಲದೆ ಸರಿಯಿತು. ನಳಿಗೆಯೊಳಗೆ ಸುರುಳಿ ಗೆರೆಗಳು ಹೊಳೆಯುತ್ತಿದ್ದವು.

"ಮೊದಲೇ ಹೇಳ್ತೇನೆ," ಎಂದರು ಕುಟ್ಟಪ್ಪ. "ಇದಕ್ಕೊಂದು ರೋಗ ಉಂಟು. ಖಾಲಿ ತೋಟೆ ಎಳೆಯುವ ಕೊಕ್ಕೆ ಸವೆದಿದೆ. ಹತ್ತಕ್ಕೊಮ್ಮೆ ಸಿಕ್ಕಿಕೊಳ್ತದೆ. ಅದರ ಬಿಡಿಭಾಗ ಎಲ್ಲೂ ಸಿಗೂದಿಲ್ಲ. ಮತ್ತೆ, ಮಲಗಿ ಹೊಡೆಯುವವರಿಗೆ ಇದು ಬೇಡ. ಮೊಣಕೈ ನೆಲಕ್ಕೆ ಊರಿದರೆ ಎಳೆಯೂದು ಹೇಗೆ?"

"ಮಲಗಿದರೆ ನಾನು ನಿದ್ದೆ ಮಾಡಿಬಿಡ್ತೇನೆ ಅಜ್ಜ."

ಅವರು ನಕ್ಕರು. ಮನೆ ಹಿಂದೆ ಗೋಡೆಯಂತೆ ಎದ್ದಿದ್ದ ಮಣ್ಣಿನ ದರೆಗೆ ರಟ್ಟು ನಿಲ್ಲಿಸಿ, ಐದು ತೋಟೆ ತುಂಬಿಸಿ ಕೊಟ್ಟರು. ಮುತ್ತಿ ನಿಂತು ಹೊಡೆದಳು. ಎಡಗೈ ಎಳೆಯಿತು, ತಳ್ಳಿತು. ಐದೂ ಮುಗಿದ ಮೇಲೆ ತನ್ನ ಹೆಬ್ಬೆರಳು ಒಮ್ಮೆಯೂ ನೆನಪಾಗಲಿಲ್ಲವೆಂದು ಅವಳಿಗೆ ಹೊಳೆಯಿತು. ಆದರೆ ರಟ್ಟಿನ ನಡುವಿನ ಚುಕ್ಕೆ ಹಾಗೇ ಇತ್ತು. ಐದು ತೂತುಗಳೂ ಒಂದು ಗೇಣು ಕೆಳಗೆ, ಒಂದಕ್ಕೊಂದು ಅಂಟಿಕೊಂಡು ಬಿದ್ದಿದ್ದವು.

ಗುಂಡುಗಳು ಎಲ್ಲಿ ಬಿದ್ದವೆಂದು ಪವಿತ್ರಾ ಹೇಳಿದ್ದು ಕೇಳಿ ಕುಟ್ಟಪ್ಪ ರಟ್ಟನ್ನು ಬೆರಳಿನಿಂದ ತಡವಿ ನೋಡಿದರು. "ನಿನ್ನ ಕೈ ಸರಿ ಉಂಟು. ನಳಿಗೆ ತುದಿಯ ಗುರಿ ಮೊಳೆ ನನ್ನ ಕಣ್ಣಿಗೆ ಹೊಂದಿಸಿದ್ದು. ಸ್ವಲ್ಪ ಅರ ಹಾಕಿಸಿ ತಗ್ಗಿಸು, ಗುಂಡು ಮೇಲೆ ಬರ್ತದೆ. ತಗೊಂಡು ಹೋಗು."

ಮುತ್ತಿ ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾನು ಅಂಥ ಗುರಿಕಾರ್ತಿ ಏನಲ್ಲ ಅಜ್ಜ."

"ಗೋಡೆಗೆ ಹಾಕೂದಿಲ್ಲ ಅಲ್ಲಾ? ಸಾಕು."

ಕೋವಿ ಕೊಂಡುಕೊಳ್ಳುವುದು ಅಲ್ಲಿಗೆ ಮುಗಿಯಲಿಲ್ಲ. ಕೋವಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ಕಾಗದಗಳಿಗಾಗಿ ಮಡಿಕೇರಿಗೆ ನಾಲ್ಕು ಸಲ ಓಡಾಡಿದಳು. ಒಂದು ಸಲ ಫೋಟೋ ಅಳತೆ ತಪ್ಪಿತ್ತು, ಇನ್ನೊಂದು ಸಲ ಸಹಿ ಮಾಡಬೇಕಾದವರು ರಜೆಯಲ್ಲಿದ್ದರು. ಪ್ರತಿ ಸಲ ಬಂದು ರಾಶಿಬಿದ್ದ ಬಟ್ಟೆಗಳ ಮುಂದೆ ಕೂರುತ್ತಿದ್ದಳು. ನಾಣಯ್ಯ ಹೊಸ ಕೊಕ್ಕೆ ಮಾಡಿಸಲು ನೋಡಿ ಸೋತ; ಗುರಿ ಮೊಳೆಯನ್ನು ಮಾತ್ರ ಸರಿಮಾಡಿಕೊಟ್ಟ. ಕಾಗದ ಕೈಗೆ ಬಂದಾಗ ಸ್ಪರ್ಧೆಗೆ ಹನ್ನೊಂದೇ ದಿನವಿತ್ತು.

ಸ್ಪರ್ಧೆಯ ದಿನ ಮೂರು ಗುಂಡಿನಲ್ಲಿ ಎರಡು ತಪ್ಪಿದವು. ಮೂರನೆಯದಕ್ಕೆ ತೆಂಗಿನಕಾಯಿಯ ಸಿಪ್ಪೆ ಹಾರಿ ಕಾಯಿ ತೂಗಾಡಿತು. ತೀರ್ಪುಗಾರರು ಹತ್ತಿರ ಹೋಗಿ ನೋಡಿ, ಒಡೆದಿಲ್ಲವೆಂದು ಕೈಯಲ್ಲಾಡಿಸಿದರು. ಬಹುಮಾನವಿಲ್ಲ. ತೋಟೆ ಮಾತ್ರ ಒಂದೂ ಸಿಕ್ಕಿಕೊಂಡಿರಲಿಲ್ಲ, ಮೂರೂ ಸಲ ಎಳೆದದ್ದು ಅವಳೇ.

ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡದೆ ಮೆಟ್ಟಿಲ ಮೇಲೆ ಕೂತು ಕುಟ್ಟಪ್ಪನಿಗೆ ಫೋನ್ ಮಾಡಿದಳು.

"ಎಲ್ಲಿ ತಾಗಿತು?"

"ಬಲಕ್ಕೆ ಅಜ್ಜ. ಬರೀ ಸಿಪ್ಪೆ."

"ಕೋವಿಯ ಹಿಂಬದಿ ಗುರಿಪಟ್ಟಿಯನ್ನು ಒಂದು ಕೂದಲಷ್ಟು ಎಡಕ್ಕೆ ತಟ್ಟು. ಈಗಲೇ ಮಾಡು, ಮರೀತಿ."

"ನಾಳೆ ಮಾಡ್ತೇನೆ. ಇವತ್ತು ನಿಂತುಕೊಳ್ಲಿಕ್ಕೇ ಆಗ್ತಿಲ್ಲ."

ಗಿರಿ ಅವಳ ಪಕ್ಕದಿಂದ ಕೋವಿ ಎತ್ತಿಕೊಂಡು, ಖಾಲಿಯೆಂದು ತೆರೆದು ನೋಡಿ, ಅಲ್ಮೇರಾದಲ್ಲಿಟ್ಟು ಬೀಗ ಹಾಕಿದ. ಹೊರಗೆ ಬರುವಷ್ಟರಲ್ಲಿ ಮುತ್ತಿ ಕಂಬಕ್ಕೆ ಒರಗಿ ನಿದ್ದೆಹೋಗಿದ್ದಳು. ಅವನು ಅವಳನ್ನು ಎಬ್ಬಿಸದೆ ಅಕ್ಕಿ ತೊಳೆಯಲು ಒಳಗೆ ಹೋದ.